ಆಟಕ್ಕುಂಟು, ಲೆಕ್ಕಕ್ಕಿಲ್ಲ: ಒಂದು ಕಡಲಕ್ಕಿಯ ಚರಿತ್ರೆ

ಕಳೆದ ಡಿಸೆಂಬರಿನ ಒಂದು ಭಾನುವಾರ ಮನೆಯವರೆಲ್ಲ ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಲಾಂಚ್ ಹತ್ತಿದ್ದೆವು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಳಿ ಹಕ್ಕಿಗಳ ಹಿಂಡೊಂದು ನಮ್ಮ ಬೆನ್ನು ಹತ್ತಿತು. ಮುಂಬಯಿಯಲ್ಲಿರುವವರಿಗೆ ಈ ನೋಟ ಹೊಸದಲ್ಲ. ಚಿಪ್ಸು, ಗಾಠಿಯಾ ಏನು ಎಸೆದರೂ ಗಾಳಿಯಲ್ಲೇ ಹಿಡಿಯುತ್ತವೆ, ಜನ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ. ಹನ್ನೊಂದು ವರ್ಷದ ಮಗಳು ಕೇಳಿದಳು: "ಅಪ್ಪಾ, ಇವುಗಳ ಊರು ಯಾವ್ದು?"

"ಟಿಬೆಟ್, ಲಡಾಖ್ ಕಡೆಯವು. ಅಲ್ಲಿ ಚಳಿಗೆ ಸರೋವರ ಹೆಪ್ಪುಗಟ್ಟಿರ್ತದ. ಹೊಟ್ಟೆಪಾಡಿಗೆ ಇಲ್ಲಿಗೆ ಬರ್ತಾವ" ಅಂದೆ.

"ನಮ್ಮಂಗನ ಅನ್ರಿ" ಎಂದು ನನ್ನಾಕೆ ನಕ್ಕಳು.

ಆ ಹಿಂಡಿನಲ್ಲಿ ಹೆಚ್ಚಿನವು ಕಂದುತಲೆಯ ಕಡಲಕ್ಕಿಗಳು, ಇಂಗ್ಲಿಷ್ ಪುಸ್ತಕಗಳ ಬ್ರೌನ್ ಹೆಡೆಡ್ ಗಲ್. ಹೆಸರು ಕಂದುತಲೆಯಾದರೂ ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಮಸಿ ಬಳಿದಂಥ ಒಂದು ಗುರುತು ಅಷ್ಟೆ. ನಮ್ಮ ಕಾರವಾರ, ಮಲ್ಪೆಗಳ ದಡದಲ್ಲೂ ಚಳಿಗಾಲದಲ್ಲಿ ಇವು ಸಿಗುತ್ತವೆ. ಇವುಗಳ ಜೊತೆಗೆ ಆಗಾಗ ಕಾಣುವ ದೊಡ್ಡ ಗಾತ್ರದ ನೆಂಟ ಪಲ್ಲಾಸ್ ಗಲ್. ರಷ್ಯಾದ ಸೇವೆಯಲ್ಲಿದ್ದ ಜರ್ಮನ್ ನಿಸರ್ಗತಜ್ಞ ಪೀಟರ್ ಸೈಮನ್ ಪಲ್ಲಾಸ್ 1773ರಲ್ಲಿ ವಿವರಿಸಿದ ಹಕ್ಕಿ ಅದು. ಬೇಸಿಗೆಯಲ್ಲಿ ಅದರ ತಲೆ ಕಪ್ಪು.

ಈ ಎರಡು ಹಕ್ಕಿಗಳ ಬಗ್ಗೆ ಓದುತ್ತ ಹೋದಾಗ ಸಿಕ್ಕಿದ್ದು ಮೂರನೆಯದೊಂದರ ಕಥೆ. ಅದು ನಮ್ಮ ಕಡೆ ಬರುವ ಹಕ್ಕಿಯಲ್ಲ. ಮಧ್ಯ ಏಷ್ಯಾದ ಒಣ ಬಯಲಲ್ಲಿ ಹುಟ್ಟಿ ಚೀನಾದ ಕಡಲ ದಡದಲ್ಲಿ ಚಳಿಗಾಲ ಕಳೆಯುತ್ತದೆ. ಒಂದು ಕಾಲಕ್ಕೆ ವಿಜ್ಞಾನಿಗಳು ಅದನ್ನು ಹಕ್ಕಿಯೆಂದೇ ಲೆಕ್ಕಕ್ಕೆ ಹಿಡಿಯಲಿಲ್ಲ, ನಮ್ಮ ಲಾಂಚಿನ ಹಿಂದೆ ಹಾರುವ ಈ ಎರಡು ಹಕ್ಕಿಗಳ ಬೆರಕೆ ಮರಿ ಎಂದು ಬದಿಗಿಟ್ಟರು. ಅದರ ಹೆಸರು ರೆಲಿಕ್ಟ್ ಗಲ್. ಈ ಬರಹದ ಮಟ್ಟಿಗೆ ಅದನ್ನು 'ಉಳಿಕೆಹಕ್ಕಿ' ಎನ್ನೋಣ.

1920ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸ್ವೆನ್ ಹೆಡಿನ್ ನೇತೃತ್ವದ ದೊಡ್ಡ ಅನ್ವೇಷಣಾ ತಂಡ ಗೋಬಿ ಮರುಭೂಮಿಯಲ್ಲಿ ಓಡಾಡುತ್ತಿತ್ತು. ಆ ಮರುಭೂಮಿಯ ದಕ್ಷಿಣದಲ್ಲಿ ಎತ್ಸಿನ್ ಗೋಲ್ ಎಂಬ ನದಿಯಿದೆ. ಬೆಟ್ಟದಿಂದ ಇಳಿದು ಮರಳಿನಲ್ಲಿ ನೂರಾರು ಮೈಲಿ ಹರಿದು, ಕಡಲನ್ನು ಸೇರದೆ ಮರುಭೂಮಿಯ ಮಧ್ಯದ ಎರಡು ಸರೋವರಗಳಲ್ಲಿ ಕೊನೆಯಾಗುವ ನದಿ. 1929ರಲ್ಲಿ ಅದರ ದಡದಲ್ಲಿ ಸಂಗ್ರಹಿಸಿದ ಕಪ್ಪುತಲೆಯ ಕಡಲಕ್ಕಿಯ ಚರ್ಮ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯ ಸೇರಿತು. ಅಲ್ಲಿನ ಪ್ರಾಣಿಶಾಸ್ತ್ರಜ್ಞ ಐನಾರ್ ಲೋನ್‌ಬರ್ಗ್ ಅದನ್ನು ಪರೀಕ್ಷಿಸಿ 1931ರಲ್ಲಿ ವಿವರಿಸಿದರು. ಯುರೋಪಿನ ಮೆಡಿಟರೇನಿಯನ್ ಕಡಲಕ್ಕಿಯನ್ನು ಅದು ಹೋಲುತ್ತಿತ್ತು. ಆದ್ದರಿಂದ ಅದರ ಪೂರ್ವದ ಒಂದು ಉಪಪ್ರಭೇದ ಎಂದು ತೀರ್ಮಾನಿಸಿ 'ರೆಲಿಕ್ಟಸ್' ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಹಿಂದೆ ಉಳಿದುಹೋದದ್ದು. ನಾನು 'ಉಳಿಕೆ' ಎಂದದ್ದು ಇದಕ್ಕೇ.

ಕೈಯಲ್ಲಿದ್ದದ್ದು ಬೆರಳೆಣಿಕೆಯ ಮಾದರಿಗಳು. ಈ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ, ಯಾರಿಗೂ ಗೊತ್ತಿರಲಿಲ್ಲ. 1962ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ವೋರಿ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ವೋರಿ ಓದಿದ್ದು ದಂತವೈದ್ಯ. ಹಕ್ಕಿಗಳ ಹುಚ್ಚು ಹತ್ತಿ, ಅಲ್ಲಿನ ಪ್ರಸಿದ್ಧ ವಸ್ತುಸಂಗ್ರಹಾಲಯದಲ್ಲಿ ಕೂತು ಯುರೋಪ್ ಮತ್ತು ಏಷ್ಯಾದ ಹಕ್ಕಿಗಳ ಬಗ್ಗೆ ಆ ಕಾಲದ ದೊಡ್ಡ ಅಧಿಕಾರಿಯಾಗಿ ಬೆಳೆದವರು. ಅವರ ತೀರ್ಪು: ಇದು ಪ್ರಭೇದವೂ ಅಲ್ಲ, ಉಪಪ್ರಭೇದವೂ ಅಲ್ಲ, ಪಲ್ಲಾಸ್ ಗಲ್ ಮತ್ತು ಕಂದುತಲೆಯ ಕಡಲಕ್ಕಿಯ ಮಿಶ್ರತಳಿ ಇರಬೇಕು.

ವೋರಿಯವರನ್ನು ಇಲ್ಲಿ ಹಾಸ್ಯ ಮಾಡುವಂತಿಲ್ಲ. ಕಡಲಕ್ಕಿಗಳಲ್ಲಿ ಬೆರಕೆ ಅಪರೂಪವಲ್ಲ. ಮರಿಯಿಂದ ಪ್ರಾಯಕ್ಕೆ ಬರುವವರೆಗೆ ವರ್ಷಕ್ಕೊಂದು ವೇಷ, ಆಮೇಲೂ ಬೇಸಿಗೆಗೊಂದು, ಚಳಿಗೊಂದು. ಕೈಯಲ್ಲಿದ್ದ ಪುರಾವೆಗೆ ಆ ಊಹೆ ಹೊಂದುತ್ತಿತ್ತು. ನಮ್ಮ ಕೆಲಸದಲ್ಲೂ ಇದು ದಿನನಿತ್ಯದ ಮಾತು. ಯಾರೋ ಒಂದು ದೋಷ ದಾಖಲಿಸಿರುತ್ತಾರೆ, ಹಳೆಯ ಇನ್ನೊಂದರಂತೆ ಕಾಣುತ್ತದೆ, 'ಡುಪ್ಲಿಕೇಟ್' ಎಂದು ಬರೆದು ಟಿಕೆಟ್ ಮುಚ್ಚುತ್ತೇವೆ. ಹೀಗೆ ನಾನೇ ಮುಚ್ಚಿದ ಒಂದು ಟಿಕೆಟ್ ಎಂಟು ತಿಂಗಳ ನಂತರ ನಡುರಾತ್ರಿ ಎದ್ದು ಬಂದು ಇಡೀ ತಂಡವನ್ನು ನಿದ್ದೆಗೆಡಿಸಿದ್ದುಂಟು. ತಪ್ಪಾಗಿ ಮುಚ್ಚಿದ ಟಿಕೆಟ್ಟಿನ ಅಪಾಯ ಅದರೊಳಗಿನ ತಪ್ಪಿಗಿಂತ ದೊಡ್ಡದು. ಅದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ.

ಈ ಟಿಕೆಟ್ಟನ್ನು ತೆರೆದದ್ದು ಕಜಾಕಿಸ್ತಾನದ ಎರ್ನಾರ್ ಆವೆಜೊವ್. ಕಜಾಕ್ ಭಾಷೆಯ ಮಹಾಕಾದಂಬರಿಕಾರ ಮುಖ್ತಾರ್ ಆವೆಜೊವರ ಮಗ. ತಂದೆ ಹುಲ್ಲುಗಾವಲಿನ ಜನರ ಕಥೆ ಬರೆದರೆ ಮಗ ಅದೇ ನಾಡಿನ ಹಕ್ಕಿಗಳ ಹಿಂದೆ ಹೋದ. ಚೀನಾ ಗಡಿಗೆ ಹತ್ತಿರದ ಅಲಾಕೋಲ್ ಎಂಬ ಉಪ್ಪುನೀರಿನ ಸರೋವರದ ನಡುಗಡ್ಡೆಯಲ್ಲಿ, 1960ರ ದಶಕದ ಕೊನೆಯಲ್ಲಿ, ಅವರಿಗೆ ಈ ಹಕ್ಕಿಯ ಒಂದು ವಸಾಹತೇ ಸಿಕ್ಕಿತು. ಗೂಡು, ಮೊಟ್ಟೆ, ಮರಿ ಎಲ್ಲವೂ ಇದ್ದವು. ಗಂಡೂ ಉಳಿಕೆಹಕ್ಕಿ, ಹೆಣ್ಣೂ ಉಳಿಕೆಹಕ್ಕಿ, ಮರಿಗಳೂ ಅದೇ ಬಗೆ. ಬೆರಕೆಯಾಗಿದ್ದರೆ ಹೀಗಿರಲು ಸಾಧ್ಯವಿಲ್ಲ. 1971ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ರಷ್ಯಾ-ಮಂಗೋಲಿಯಾ ಗಡಿಯ ತೊರೆಯ್ ಸರೋವರಗಳಲ್ಲೂ ಇವುಗಳ ಗೂಡುಗಳು ಪತ್ತೆಯಾದವು. ಹೆಸರಿಟ್ಟ ನಲವತ್ತು ವರ್ಷಗಳ ಮೇಲೆ ಉಳಿಕೆಹಕ್ಕಿ ಸ್ವತಂತ್ರ ಪ್ರಭೇದವಾಗಿ ಲೆಕ್ಕಕ್ಕೆ ಬಂತು. ಅಷ್ಟೂ ವರ್ಷ ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬಂದರೆ ಏನು ಲಾಭ? ಬಹಳ ಲಾಭ. ಬೆರಕೆ ಮರಿಗೆ ಕಾನೂನಿನ ರಕ್ಷಣೆ ಕೊಡುವವರು ಯಾರು? ಪ್ರಭೇದವೆಂದು ಒಪ್ಪಿದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ವನ್ಯಜೀವಿ ವ್ಯಾಪಾರ ತಡೆಯುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧಕ್ಕೆ, ಅಂದರೆ ಹುಲಿಯಿರುವ ಪಟ್ಟಿಗೆ, ಇದೂ ಸೇರಿತು. ವಲಸೆ ಪ್ರಾಣಿಗಳ ಬಾನ್ ಒಪ್ಪಂದದ ಮೊದಲ ಅನುಬಂಧದಲ್ಲಿ ಜಾಗ ಸಿಕ್ಕಿತು. ಚೀನಾ ತನ್ನ ಮೊದಲ ದರ್ಜೆಯ ಸಂರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ತೊರೆಯ್ ಸರೋವರಗಳ ಭಾಗದಲ್ಲಿ 1987ರಲ್ಲಿ ದಾವೂರ್‌ಸ್ಕಿ ಮೀಸಲು ಪ್ರದೇಶ ಸ್ಥಾಪನೆಯಾಯಿತು, ಅಲಾಕೋಲ್‌ನಲ್ಲಿ 1998ರಲ್ಲಿ.

ಕಾಗದದ ಮೇಲೆ ಇದಕ್ಕಿಂತ ಭದ್ರ ಹಕ್ಕಿ ಇರಲಾರದು. ಆದರೂ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಇಂದಿಗೂ 'ವಲ್ನರಬಲ್', ಅಂದರೆ ಅಳಿವಿನ ಕಡೆ ಜಾರಬಹುದಾದವುಗಳ ಸಾಲಿನಲ್ಲಿದೆ. ಜಗತ್ತಿನಲ್ಲಿ ಪ್ರಾಯಕ್ಕೆ ಬಂದ ಉಳಿಕೆಹಕ್ಕಿಗಳು ಸುಮಾರು 10,000ದಿಂದ 20,000. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಅದು ಮನೆ ಹುಡುಕುವ ಬಗೆ ನೋಡಬೇಕು.

ಉಳಿಕೆಹಕ್ಕಿ ನಮ್ಮ ಕಾಗೆಗಿಂತ ತುಸು ದೊಡ್ಡದು. ಬೇಸಿಗೆಯಲ್ಲಿ ಕಪ್ಪು ತಲೆ, ಕಣ್ಣಿನ ಹಿಂದೆ ಮೇಲೂ ಕೆಳಗೂ ದಪ್ಪ ಬಿಳಿ ಅರ್ಧಚಂದ್ರ, ಕಡುಗೆಂಪು ಕೊಕ್ಕು. ಗೂಡು ಕಟ್ಟುವುದು ಒಣ ಬಯಲಿನ ಉಪ್ಪುನೀರಿನ ಸರೋವರಗಳಲ್ಲಿ, ಅದೂ ನಡುಗಡ್ಡೆ ಇದ್ದರೆ ಮಾತ್ರ. ಗೂಡುಗಳು ಒತ್ತೊತ್ತಾಗಿ, ಸಂತೆಯಲ್ಲಿ ಅಂಗಡಿ ಹಾಕಿದಂತೆ. ಇಡುವುದು ಎರಡು ಮೂರು ಮೊಟ್ಟೆ. ಮರಿಗಳಿಗೆ ಉಣಿಸುವುದು ಹೆಚ್ಚಾಗಿ ನೀರಿನ ಮೇಲೆ ಮೋಡದಂತೆ ಏಳುವ ಸಣ್ಣ ನೊಣಗಳನ್ನು.

ಇಂಥ ಸರೋವರಗಳಿಗೆ ಹೊರಹರಿವಿಲ್ಲ. ಮಳೆ ಹೆಚ್ಚಾದರೆ ನೀರೇರಿ ನಡುಗಡ್ಡೆ ಮುಳುಗುತ್ತದೆ. ಕಡಿಮೆಯಾದರೆ ನೀರಿಳಿದು ನಡುಗಡ್ಡೆ ದಡಕ್ಕೆ ಅಂಟಿಕೊಳ್ಳುತ್ತದೆ. ನರಿ ನಡೆದುಕೊಂಡೇ ಬರುತ್ತದೆ, ಕುರಿ ಮೇಯಲು ಬರುತ್ತವೆ. ಮನುಷ್ಯರೋ ಪ್ರಾಣಿಗಳೋ ಗದ್ದಲ ಮಾಡಿದರೆ ಇಡೀ ವಸಾಹತು ಮೊಟ್ಟೆ ಬಿಟ್ಟು ಎದ್ದುಹೋಗುವುದುಂಟು. ನೀರು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ತೊರೆಯ್ ಸರೋವರಗಳು ಸುಮಾರು ಮೂವತ್ತು ವರ್ಷಕ್ಕೊಮ್ಮೆ ತುಂಬಿ ಬತ್ತುವ ಲಯದವು. ಬರುನ್ ತೊರೆಯ್ 2009ರಲ್ಲಿ ಪೂರ್ತಿ ಒಣಗಿತು.

ಹಾಗಾದರೆ ಸಾವಿರಾರು ವರ್ಷ ಈ ಹಕ್ಕಿ ಉಳಿದದ್ದು ಹೇಗೆ? ಒಂದು ಸರೋವರವನ್ನು ನಂಬಿ ಕೂರದೆ. ಈ ವರ್ಷ ಇಲ್ಲಿ ಸರಿಯಿಲ್ಲವೆಂದರೆ ಇನ್ನೊಂದು ಕಡೆ, ಅಲ್ಲೂ ಇಲ್ಲವೆಂದರೆ ಮತ್ತೊಂದು ಕಡೆ. ಬಯಲಿನ ಉದ್ದಕ್ಕೂ ಹತ್ತಾರು ಸರೋವರಗಳು; ಯಾವುದೋ ಒಂದರಲ್ಲಿ ನೀರು ಹದವಾಗಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳದೆ, ಹಕ್ಕಿ ಇರುವ ಸರೋವರವೇ ಅದರ ಮನೆ ಎಂದು ಬೇಲಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಓರ್ಡೋಸ್ ಸಾಕ್ಷಿ.

ಒಳಮಂಗೋಲಿಯಾದ ಓರ್ಡೋಸ್ ಪ್ರಸ್ಥಭೂಮಿಯಲ್ಲಿ ತಾವೊಲಿಮಿಯಾವೊ ಎಂಬ ಸರೋವರವಿದೆ. ಅಲ್ಲಿ 1990ರಲ್ಲಿ ಚೀನೀ ಪಕ್ಷಿತಜ್ಞರಿಗೆ ಉಳಿಕೆಹಕ್ಕಿಯ ದೊಡ್ಡ ವಸಾಹತು ಸಿಕ್ಕಿತು. ಆ ದಶಕದಲ್ಲಿ ಅದು ಸಾವಿರಾರು ಗೂಡುಗಳಿಗೆ ಬೆಳೆಯಿತು. ಮೀಸಲು ಪ್ರದೇಶವಾಯಿತು. 2002ರಲ್ಲಿ 7,680 ಹೆಕ್ಟೇರ್ ಜಾಗ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಣೆಯಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸರೋವರ ಬತ್ತಿತು. ಮಳೆ ಕಡಿಮೆಯಾದದ್ದು ಒಂದು ಕಾರಣ. ಸರೋವರಕ್ಕೆ ಬರುವ ಹಳ್ಳಗಳಿಗೆ ಮೇಲ್ಗಡೆ ಒಡ್ಡು ಕಟ್ಟಿದ್ದು ಇನ್ನೊಂದು. ಬೇಲಿ ಸರೋವರದ ಸುತ್ತ ಇತ್ತು, ನೀರು ಬರುತ್ತಿದ್ದದ್ದು ಬೇಲಿಯ ಹೊರಗಿನಿಂದ. ಹಕ್ಕಿಗಳು ಎದ್ದುಹೋದವು.

ಹೋದದ್ದು ಹೆಚ್ಚು ದೂರವೇನಲ್ಲ. ಶಾನ್‌ಶಿ ಪ್ರಾಂತ ಮತ್ತು ಒಳಮಂಗೋಲಿಯಾದ ಗಡಿಯಲ್ಲಿ ಹೊಂಗ್‌ಜಿಯಾನ್‌ನಾವೊ ಎಂಬ ದೊಡ್ಡ ಸರೋವರವಿದೆ. ಕಳೆದ ಶತಮಾನದ ಮೊದಲ ಭಾಗದಲ್ಲಷ್ಟೇ ಮರಳಿನ ತಗ್ಗಿನಲ್ಲಿ ನೀರು ನಿಂತು ರೂಪುಗೊಂಡ ಸರೋವರ. ಅದಕ್ಕೂ ಈ ಹಕ್ಕಿಯ ಹೆಸರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 2000ದ ನಂತರ ಅಲ್ಲಿ ಗೂಡುಗಳು ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಅದು ಈ ಹಕ್ಕಿಯ ಅತಿ ದೊಡ್ಡ ವಸಾಹತಾಯಿತು. ಆದರೆ 1969ರ ಸುಮಾರಿಗೆ 67 ಚದರ ಕಿಲೊಮೀಟರ್ ಇದ್ದ ಆ ಸರೋವರ 2010ರ ದಶಕದ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿತ್ತು. ಸುತ್ತ ಕಲ್ಲಿದ್ದಲಿನ ನಾಡು. ಸರೋವರದ ಬಹುಭಾಗ ಒಂದು ಪ್ರಾಂತದಲ್ಲಿ, ನೀರು ತರುವ ಕೆಲವು ಹೊಳೆಗಳು ಇನ್ನೊಂದರಲ್ಲಿ. ಮೇಲಿನವರು ಜಲಾಶಯ ಕಟ್ಟಿದರೆ ಕೆಳಗಿನವರ ಸರೋವರಕ್ಕೆ ನೀರಿಲ್ಲ. ಕಾವೇರಿ, ಮಹಾದಾಯಿ ಸುದ್ದಿ ಓದಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮೊದಲ ಮಾದರಿ ಸಿಕ್ಕ ಎತ್ಸಿನ್ ಗೋಲ್ ನದಿಯ ಕಥೆ. ಮೇಲ್ಗಡೆಯ ಬೇಸಾಯಕ್ಕೆ ನೀರು ತಿರುಗಿಸಿದ ಮೇಲೆ ಅದರ ಕೊನೆಯ ಎರಡು ಸರೋವರಗಳಲ್ಲಿ ಒಂದು 1961ರಲ್ಲಿ ಬತ್ತಿತು, ಇನ್ನೊಂದು 1992ರಲ್ಲಿ. ಆಮೇಲೆ ಸರಕಾರ ನದಿಯ ನೀರಿನಲ್ಲಿ ಕೆಳಗಿನವರ ಪಾಲನ್ನು ನಿಗದಿ ಮಾಡಿ ಬಿಡತೊಡಗಿತು. 2002ರಲ್ಲಿ ಎರಡನೆಯ ಸರೋವರಕ್ಕೆ ಮತ್ತೆ ನೀರು ಬಂತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೂ ಇದೇ ಉದಾಹರಣೆ.

ಬೇಸಿಗೆಯಲ್ಲಿ ಈ ಹಕ್ಕಿಗೆ ಕನಿಷ್ಠ ಆಯ್ಕೆಗಳಿವೆ. ಚಳಿಗಾಲದಲ್ಲಿ ಅದೂ ಇಲ್ಲ. ಸರೋವರಗಳು ಹೆಪ್ಪುಗಟ್ಟುವ ಮೊದಲು ಇವು ಪೂರ್ವಕ್ಕೆ ಹಾರಿ ಬೀಜಿಂಗ್‌ಗೆ ಹತ್ತಿರದ ಬೋಹಾಯ್ ಕೊಲ್ಲಿಗೆ ಬರುತ್ತವೆ. ಸ್ವಲ್ಪ ಹಕ್ಕಿಗಳು ದಕ್ಷಿಣ ಕೊರಿಯಾದ ಕಡೆ ಕಾಣುತ್ತವೆ. ಉಳಿದಂತೆ ಜಗತ್ತಿನ ಬಹುಪಾಲು ಉಳಿಕೆಹಕ್ಕಿಗಳು ಟಿಯಾಂಜಿನ್ ಮತ್ತು ಹೆಬೆಯ್ ಪ್ರಾಂತದ ಆ ಒಂದೇ ದಡದಲ್ಲಿ ಚಳಿಗಾಲ ಕಳೆಯುತ್ತವೆ. ನಮ್ಮ ಲಾಂಚಿನ ಹಕ್ಕಿಗಳಂತೆ ಸಿಕ್ಕಿದ್ದನ್ನು ತಿಂದು ಬದುಕುವ ಚಾಲಾಕಿತನ ಇವಕ್ಕೆ ಕಡಿಮೆ. ನೀರಿಳಿದಾಗ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ನಡೆದಾಡಿ ಸಣ್ಣ ಏಡಿ, ಚಿಪ್ಪುಜೀವಿ ಹೆಕ್ಕಿ ತಿನ್ನುತ್ತವೆ. ಕೆಸರು ಬಯಲಿಲ್ಲದಿದ್ದರೆ ಊಟವಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್: ಒಂದು ಕೊಂಡಿ ಕಳಚಿದರೆ ಇಡೀ ವ್ಯವಸ್ಥೆ ಕೂತಿತು.

ಆ ಕೊಂಡಿಯೇ ಸವೆಯುತ್ತಿದೆ. ಬಂದರು, ಕಾರ್ಖಾನೆ, ವಸತಿ ಎಂದು ಕಡಲು ತುಂಬಿಸಿ ನೆಲ ಮಾಡುವ ಕೆಲಸ ಆ ದಡದಲ್ಲಿ ಭಾರಿ ವೇಗದಲ್ಲಿ ನಡೆಯಿತು. ಬೋಹಾಯ್ ಸೇರಿದಂತೆ ಹಳದಿ ಸಮುದ್ರದ ದಡದ ಕೆಸರು ಬಯಲುಗಳಲ್ಲಿ ಸುಮಾರು 28 ಪ್ರತಿಶತ, 1980ರ ದಶಕದಿಂದ 2000ದ ದಶಕದ ಕೊನೆಯೊಳಗೇ ಮಾಯವಾದವು. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿಸಿ ಕಟ್ಟಿದ ನಗರದಲ್ಲಿ ಕೂತು ನಾನು ಇದನ್ನು ಬರೆಯುತ್ತಿದ್ದೇನೆ. ಬೆರಳು ತೋರಿಸುವ ಹಕ್ಕು ನನಗೆ ಪೂರ್ತಿ ಇಲ್ಲ.

ಸಮಾಧಾನದ ಮಾತೂ ಇದೆ. 2018ರಲ್ಲಿ ಚೀನಾ ಸರಕಾರ ರಾಷ್ಟ್ರೀಯ ಮಹತ್ವದ ಯೋಜನೆಗಳನ್ನು ಬಿಟ್ಟು ಹೊಸದಾಗಿ ಕಡಲು ತುಂಬಿಸುವುದನ್ನು ನಿಲ್ಲಿಸಿತು. ಈ ದಡದ ವಲಸೆ ಹಕ್ಕಿಗಳ ತಾಣಗಳು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, 2024ರಲ್ಲಿ ಇನ್ನೂ ಐದು ಜಾಗಗಳು ಸೇರಿದವು. ಆದರೆ ಆ ಐದರಲ್ಲಿ ಟಿಯಾಂಜಿನ್ ದಡದ ಹೆಸರಿಲ್ಲ. ಮೇಲೆ ಹೇಳಿದ ಬಾನ್ ಒಪ್ಪಂದಕ್ಕೆ ಚೀನಾ ಸದಸ್ಯನೂ ಅಲ್ಲ. ಇನ್ನು ಸೈಟ್ಸ್ ತಡೆಯುವುದು ವ್ಯಾಪಾರವನ್ನು. ಈ ಹಕ್ಕಿಯ ಮುಖ್ಯ ಸಂಕಟ ಮಾರುಕಟ್ಟೆಯದಲ್ಲ, ನೀರಿನದು ಮತ್ತು ಕೆಸರಿನದು.

ಇದನ್ನೆಲ್ಲ ಓದಿ ನನಗೆ ಅನಿಸಿದ್ದು ಇಷ್ಟು. ಉಳಿಕೆಹಕ್ಕಿಯ ವಿಷಯದಲ್ಲಿ ನಾವು ಒಂದೇ ಬಗೆಯ ತಪ್ಪನ್ನು ಎರಡು ಸಲ ಮಾಡಿದೆವು. ಮೊದಲ ಸಲ, ನಮಗೆ ಗೊತ್ತಿದ್ದ ಎರಡು ಹಕ್ಕಿಗಳ ಅಳತೆಯಲ್ಲಿ ಮೂರನೆಯದನ್ನು ಅಳೆದು 'ಇದು ಬೇರೆ ಅಲ್ಲ' ಎಂದೆವು. ಎರಡನೆಯ ಸಲ, ನಮಗೆ ಗೊತ್ತಿದ್ದ ಮನೆಯ ಕಲ್ಪನೆಯಲ್ಲಿ ಅದರ ಮನೆಯನ್ನು ಅಳೆದು ಒಂದು ಸರೋವರಕ್ಕೆ ಗೆರೆ ಎಳೆದೆವು. ಮೊದಲನೆಯದನ್ನು ಒಬ್ಬ ಮನುಷ್ಯ ನಡುಗಡ್ಡೆಗೆ ಹೋಗಿ ಗೂಡು ನೋಡಿ ಸರಿಪಡಿಸಿದ. ಎರಡನೆಯದು ಒಬ್ಬರಿಂದ ಆಗುವ ಕೆಲಸವಲ್ಲ. ಹಕ್ಕಿ ಇರುವ ಸರೋವರವನ್ನಷ್ಟೇ ಅಲ್ಲ, ಈ ವರ್ಷ ಹಕ್ಕಿಯಿಲ್ಲದ ಸರೋವರವನ್ನೂ ಉಳಿಸಬೇಕು. ಸರೋವರಕ್ಕೆ ಬರುವ ಹಳ್ಳವನ್ನು, ಹಳ್ಳದ ಮೇಲಿನ ಪ್ರಾಂತದ ಒಪ್ಪಿಗೆಯನ್ನು ಗಳಿಸಬೇಕು. ಖಾಲಿ ಜಾಗವನ್ನು ಕಾಯುವುದಕ್ಕೆ ಹಣ ಕೇಳುವುದು ಎಷ್ಟು ಕಷ್ಟ ಎಂದು ಯಾವ ಮ್ಯಾನೇಜರನ್ನು ಕೇಳಿದರೂ ಹೇಳುತ್ತಾನೆ.

ಮಗಳ ಶಾಲೆಯ ಅರ್ಜಿಯಲ್ಲಿ 'ನೇಟಿವ್ ಪ್ಲೇಸ್' ಎಂಬ ಜಾಗಕ್ಕೆ ಒಂದೇ ಗೆರೆ ಕೊಟ್ಟಿರುತ್ತಾರೆ. ಪ್ರತಿ ವರ್ಷ ಅಲ್ಲಿ ಧಾರವಾಡ ಎಂದು ಬರೆಯುತ್ತೇನೆ. ಅವಳು ಅಲ್ಲಿ ಒಟ್ಟು ಕೂಡಿಸಿದರೆ ಆರು ತಿಂಗಳು ಇದ್ದಿರಬಹುದು. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಉಳಿಕೆಹಕ್ಕಿಯ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರ ಅದರ ಊರು ಯಾವ್ದು ಅಂತ ಬರೀಬೇಕು?" ನಾನು ಹೇಳಿದೆ, ನೀರು ಹದವಾಗಿರೋ ಎಲ್ಲ ಊರುಗಳ ಹೆಸರನ್ನೂ ಬರೀಬೇಕು, ಗೆರೆ ಸಾಲದಿದ್ದರ ಇನ್ನೊಂದು ಹಾಳಿ ಕೇಳಬೇಕು.

ಇದನ್ನು ಮುಗಿಸುವ ಹೊತ್ತಿಗೆ ಮಾರ್ಚ್ ಬಂದಿದೆ. ಹೋದ ವಾರ ಮತ್ತೆ ಮಾಂಡವಾಕ್ಕೆ ಹೋಗಿದ್ದೆವು. ಲಾಂಚಿನ ಹಿಂದೆ ಹಕ್ಕಿಗಳು ಕಡಿಮೆಯಾಗಿದ್ದವು. ಇದ್ದವುಗಳಲ್ಲಿ ಕೆಲವಕ್ಕೆ ತಲೆಯ ಬಿಳಿ ಮಾಸಿ, ಕಂದು ಬಣ್ಣ ಮೂಡತೊಡಗಿತ್ತು.